ಅಂಟದವನ ಭರವಸೆ

ಅಲ್ಯೂಮಿನಿಯಂ ಪುಡಿಯನ್ನೂ ದೋಸೆ ಕಾವಲಿಗೆ ಬಳಿಯುವ ಟೆಫ್ಲಾನ್‌ನ ಪುಡಿಯನ್ನೂ ಒಟ್ಟಿಗೆ ಒತ್ತಿ ಮಾಡಿದ ಗುಂಡೊಂದು ಪ್ರಯೋಗಾಲಯದ ಬಂದೂಕಿನೊಳಗೆ ಕುಳಿತಿತ್ತು. ಎದುರಿಗೆ ಉಕ್ಕಿನ ಹಲಗೆಯಿತ್ತು.

"ನನಗೆ ಹೆದರಿಕೆಯಾಗುತ್ತಿದೆ," ಎಂದಿತು ಅಲ್ಯೂಮಿನಿಯಂ. "ನನ್ನ ಮೈಮೇಲಿರುವುದು ಆಕ್ಸೈಡಿನ ಒಂದು ತೆಳು ಅಂಗಿ. ಅದು ಹರಿದರೆ ನಿನ್ನೊಳಗಿನ ಫ್ಲೋರಿನ್ ನನ್ನನ್ನು ಸುಟ್ಟುಬಿಡುತ್ತದೆ."

ಟೆಫ್ಲಾನ್ ನಕ್ಕಿತು. "ಅಯ್ಯೋ ಪುಕ್ಕಲಾ, ದೋಸೆಯೇ ನನಗೆ ಅಂಟುವುದಿಲ್ಲ, ಇನ್ನು ನೀನು ಅಂಟುತ್ತೀಯಾ? ಒತ್ತುಯಂತ್ರ ನಮ್ಮನ್ನು ಅಷ್ಟು ಹಿಂಡಿತಲ್ಲ, ಆಗ ಜಗಳವಾಯಿತೇ?"

"ಅದು ನಿಧಾನವಾಗಿ ಹಿಂಡಿತು. ಸರಿದು ಕೂರಲು ನಮಗೆ ಸಮಯವಿತ್ತು. ಈಗ ಸಮಯ ಸಿಗದಿದ್ದರೆ?"

"ಸಿಗದಿದ್ದರೂ ನನ್ನ ಸ್ವಭಾವ ಬದಲಾಗುವುದಿಲ್ಲ. ಮಾತು ಕೊಡುತ್ತೇನೆ," ಎಂದು ಟೆಫ್ಲಾನ್ ಹೇಳುವಷ್ಟರಲ್ಲಿ ಬಂದೂಕಿನಿಂದ ಗುಂಡು ಹಾರಿತು.

ಗುಂಡು ಹಲಗೆಗೆ ಬಡಿಯಿತು. ಅಂಗಿ ಹರಿಯಿತು. ಟೆಫ್ಲಾನ್ ಒಡೆದು ಫ್ಲೋರಿನ್ ಹೊರಬಿತ್ತು. ಬಿಳಿ ಬೆಂಕಿ ಎದ್ದಿತು.

ಮಸಿ ಹಿಡಿದ ಹಲಗೆ ಕೇಳಿತು: "ಜಗಳ ಮೊದಲು ಶುರುಮಾಡಿದ್ದು ಯಾರು?" ಉತ್ತರಿಸಲು ಯಾರೂ ಉಳಿದಿರಲಿಲ್ಲ.

ಅಷ್ಟರಲ್ಲಿ ಬಂದೂಕಿನೊಳಗೆ ಅಂಥದ್ದೇ ಇನ್ನೊಂದು ಗುಂಡನ್ನು ಇಟ್ಟರು. ಒಳಗಿನಿಂದ ಸಮಾಧಾನದ ದನಿಯೊಂದು ಕೇಳಿಬಂತು: "ಹೆದರಬೇಡ, ದೋಸೆಯೇ ನನಗೆ ಅಂಟುವುದಿಲ್ಲ."