ಷಡ್ಡಕನ ಮೊಳೆಗನ್ನು

"ಗುರುಗಳೇ, ಅವನಿಗೆ ಕೊಟ್ಟದ್ದನ್ನೇ ನನಗೂ ಏಕೆ ಕೊಡಬಾರದು?" ಎಂದು ಶಿಷ್ಯ ಕೇಳಿದ.

ಗುರು ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ.

"ಯಾರಿಗೆ ಏನು ಕೊಟ್ಟೆನಪ್ಪ?"

"ನಾವಿಬ್ಬರೂ ಒಂದೇ ದಿನ ಬಂದವರು. ಅವನಿಗೆ ಜಪ ಕೊಟ್ಟಿರಿ. ನನಗೆ ಬಾವಿ ಕೊಟ್ಟಿರಿ, ಬಂದವರಿಗೆ ನೀರು ಸೇದಿ ಕೊಡು ಎಂದಿರಿ. ಅವನು ಕಣ್ಣು ಮುಚ್ಚಿ ಕೂತಿರುತ್ತಾನೆ. ನಾನು ಹಗ್ಗ ಎಳೆಯುತ್ತಿರುತ್ತೇನೆ. ಅವನ ಮುಖದಲ್ಲಿ ಕಳೆ ಬಂದಿದೆ. ನನ್ನ ಅಂಗೈಯಲ್ಲಿ ಬೊಬ್ಬೆ ಬಂದಿದೆ."

ಗುರು ನಕ್ಕರು. "ಕೂತುಕೋ. ಬೊಬ್ಬೆ ನೋಯದಿದ್ದರೆ ನಾಲ್ಕು ಕಾಯಿ ಸುಲಿ," ಎಂದರು. ಆಮೇಲೆ ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಡಗಿ ಇದ್ದ. ಮನೆ ಕಟ್ಟಿ ಮುಗಿದ ಮೇಲೆ ಅವನ ಕೆಲಸ ಶುರು. ಬಾಗಿಲ ಚೌಕಟ್ಟಿಗೂ ಗೋಡೆಗೂ ನಡುವೆ ಸಂದು ಉಳಿಯುತ್ತದಲ್ಲ, ಅದರ ಮೇಲೆ ಪಟ್ಟಿ ಕೂರಿಸುವವನು ಅವನು. ಬೀಡಿಂಗು ಎನ್ನುತ್ತಾರೆ. ಗಾರೆಯವನ ತಪ್ಪನ್ನೂ ಚೌಕಟ್ಟಿನವನ ತಪ್ಪನ್ನೂ ಮುಚ್ಚುವುದು ಆ ಪಟ್ಟಿ. ಪಟ್ಟಿಯ ತಪ್ಪನ್ನು ಮುಚ್ಚಲು ಮತ್ತೊಂದಿಲ್ಲ.

ಅವನು ಗಟ್ಟಿ ಮರದವನು. ಹೊನ್ನೆ, ಮತ್ತಿ, ಬೀಟೆ. ಅಂಥ ಮರಕ್ಕೆ ಮೊಳೆ ಸುಮ್ಮನೆ ಇಳಿಯುವುದಿಲ್ಲ. ಮೊದಲು ಸಣ್ಣ ತೂತು ಕೊರೆಯಬೇಕು. ಮೊಳೆಯ ತಲೆ ಚಪ್ಪಟೆ ಮಾಡಬೇಕು. ಸುತ್ತಿಗೆಯಲ್ಲಿ ಮೆಲ್ಲಗೆ ಇಳಿಸಬೇಕು. ತಲೆಯನ್ನು ಮರದೊಳಗೆ ಅಡಗಿಸಿ, ಅದೇ ಮರದ ಪುಡಿಗೆ ಅಂಟು ಕಲಸಿ ತುಂಬಬೇಕು. ನಿಧಾನದ ಕೆಲಸ.

ಉದ್ದದ ಪಟ್ಟಿಗೆ ಒಬ್ಬನ ಕೈ ಸಾಲದು. ಆ ತುದಿಯನ್ನು ಅವನ ಹೆಂಡತಿ ಹಿಡಿಯುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಊಟದ ಡಬ್ಬಿ ತಂದವಳು ಒಂದು ದಿನ ಸುಮ್ಮನೆ ಹಿಡಿದಳು. ಆಮೇಲೆ ಅದೇ ರೂಢಿಯಾಯಿತು. ಅವನು "ಹಿಡಿದೆಯಾ?" ಎನ್ನುತ್ತಿದ್ದ. ಅವಳು ಬೆರಳು ಸರಿಸಿಕೊಂಡು, ಪಟ್ಟಿ ಒತ್ತಿ, "ಹ್ಞೂಂ" ಎನ್ನುತ್ತಿದ್ದಳು. ಆ ಹ್ಞೂಂ ಬರುವ ತನಕ ಸುತ್ತಿಗೆ ಬೀಳುತ್ತಿರಲಿಲ್ಲ. ಇಡೀ ದಿನ ಅವರ ನಡುವೆ ಅಷ್ಟೇ ಮಾತು. ಸಾಕಾಗುತ್ತಿತ್ತು.

ಅವಳಿಗೆ ಒಬ್ಬ ಅಕ್ಕ. ಅಕ್ಕನ ಗಂಡನೂ ಬಡಗಿಯೇ. ಅಂದರೆ ಇವನಿಗೆ ಷಡ್ಡಕ. ದಾಯಾದಿಗಳ ನಡುವೆ ಹೊಲದ ಬದುವಾದರೂ ಇರುತ್ತದೆ. ಷಡ್ಡಕರ ನಡುವೆ ಬದು ಇಲ್ಲ. ಒಂದೇ ಮಾವನ ಮನೆ, ಒಂದೇ ಪಂಕ್ತಿ. ಪಕ್ಕದ ಎಲೆಯ ಹೋಳಿಗೆ ಯಾವಾಗಲೂ ದೊಡ್ಡದು.

ಷಡ್ಡಕ ಪ್ಲೈವುಡ್ಡಿನವನು. ಬೀರು, ಅಡುಗೆಮನೆಯ ಕಪಾಟು, ಕಾರ್ಖಾನೆಯಿಂದ ಬರುವ ತೆಳು ಪಟ್ಟಿ, ಇಷ್ಟು ಅವನ ಕೆಲಸ. ಅವನು ಮೊಳೆ ಹೊಡೆಯುವ ಒಂದು ಬ್ಯಾಟರಿ ಗನ್ನು ತಂದ. ಹಳೆಯ ಗನ್ನಿನ ಹಾಗೆ ಗಾಳಿ ತುಂಬುವ ಕಂಪ್ರೆಸರ್ ಬೇಡ, ಪೈಪು ಎಳೆದಾಡಬೇಕಿಲ್ಲ. ಪಟ್ಟಿಗೆ ಮೂತಿ ಒತ್ತಿ ಟ್ರಿಗರ್ ಎಳೆದರೆ ಟಪ್. ಮೊಳೆ ಒಳಗೆ. ಆ ಮೊಳೆಗೆ ತಲೆ ಎನ್ನುವಷ್ಟು ತಲೆಯೂ ಇಲ್ಲ.

ಬಡಗಿಯ ಹೆಂಡತಿ ಅಕ್ಕನ ಮನೆಗೆ ಹೋಗಿ ಬಂದಳು. ಬಡಿಸುತ್ತಾ ಹೇಳಿದಳು.

"ಭಾವ ಹೊಸ ಕಪಾಟಿಗೆ ಪಟ್ಟಿ ಹೊಡೆದಿದ್ದಾರೆ ರೀ. ಮೊಳೆ ಎಲ್ಲಿದೆ ಅಂತಲೇ ಗೊತ್ತಾಗಲ್ಲ."

ಅಷ್ಟೇ ಹೇಳಿದ್ದು. ಸಾರು ಬೇಕಾ ಎಂದು ಕೇಳುವಷ್ಟು ಹಗುರವಾಗಿ ಹೇಳಿದಳು. ಬಡಗಿ ಅರ್ಧ ಊಟಕ್ಕೇ ಎದ್ದು ಕೈ ತೊಳೆದ.

ಅವನ ಪಟ್ಟಿಯಲ್ಲೂ ಮೊಳೆ ಕಾಣುತ್ತಿರಲಿಲ್ಲ. ಅದನ್ನು ಅವಳು ಎಂದೂ ಬಾಯಿಬಿಟ್ಟು ಹೇಳಿರಲಿಲ್ಲ. ತಾನೂ ಕೈ ಹಚ್ಚಿ ಮಾಡಿದ ಕೆಲಸವನ್ನು ಯಾರು ಹೊಗಳಿಕೊಳ್ಳುತ್ತಾರೆ? ಅದು ಅವನಿಗೆ ಹೊಳೆಯಲಿಲ್ಲ.

ಅಂದಿನಿಂದ ಅವಳು ಆಡಿದ್ದೆಲ್ಲ ಅವನಿಗೆ ಒಂದೇ ಮಾತಾಯಿತು. "ಬಾಗಿಲು ಕಿರ್ ಅನ್ನುತ್ತೆ" ಎಂದರೆ, ಭಾವನ ಮನೆಯ ಬಾಗಿಲು ಕಿರ್ ಅನ್ನುವುದಿಲ್ಲ ಎಂದು ಕೇಳಿಸಿತು. ಅವಳು ಸುಮ್ಮನಿದ್ದರೆ, ಆ ಕಪಾಟನ್ನೇ ನೆನೆಯುತ್ತಿದ್ದಾಳೆ ಎನಿಸಿತು. ಹೊಟ್ಟೆಕಿಚ್ಚಿಗೆ ಸೌದೆಯನ್ನು ಹೊರಗಿನಿಂದ ತರಬೇಕಿಲ್ಲ.

ಉಳಿ ಕೇಳುವ ನೆವದಲ್ಲಿ ಅವನು ಷಡ್ಡಕನ ಮನೆಗೆ ಹೋದ. ಗನ್ನು ಬೆಂಚಿನ ಮೇಲಿತ್ತು. ಅದರ ಕಡೆ ನೋಡಬಾರದು ಎಂದುಕೊಂಡು ಅದನ್ನೇ ನೋಡಿದ.

"ಕೈಗೆ ತಗೊಂಡು ನೋಡಪ್ಪ. ಕಚ್ಚಲ್ಲ," ಎಂದ ಷಡ್ಡಕ.

"ನನಗ್ಯಾಕೆ ಅದು," ಎಂದ ಬಡಗಿ. ಉಳಿ ಮರೆತು ಬಂದ.

ಅಷ್ಟರಲ್ಲಿ ಮಾವ ಹೊಸ ಮನೆ ಕಟ್ಟಿಸಿದರು. ಹಳೆ ಮನೆಯಿಂದ ಬಿಚ್ಚಿದ ಹೊನ್ನೆ ಮರ ಉಳಿದಿತ್ತು. ಇಬ್ಬರು ಅಳಿಯಂದಿರನ್ನೂ ಕರೆದು ಕೆಲಸ ಹಂಚಿದರು. ನಡುಮನೆ, ಅದರ ಕಪಾಟು, ಹೊಸ ಪ್ಲೈವುಡ್ಡು ದೊಡ್ಡಳಿಯನಿಗೆ. ಒಳಕೋಣೆ, ಅದರ ಬಾಗಿಲು ಕಿಟಕಿ, ಹಳೆಯ ಹೊನ್ನೆ ಕಿರಿಯಳಿಯನಿಗೆ.

"ಹೊನ್ನೆ ಮುಟ್ಟೋಕೆ ನಿನ್ನ ಕೈಯೇ ಆಗಬೇಕಪ್ಪ. ನಮ್ಮಪ್ಪ ಹಾಕಿಸಿದ್ದ ಮರ ಅದು," ಎಂದರು ಮಾವ.

ಬಡಗಿಗೆ ಕೇಳಿಸಿದ್ದು ಬೇರೆ. ಅವನಿಗೆ ಹೊಸದು, ನನಗೆ ಹಳೆಯದು. ಅವನಿಗೆ ನಾಲ್ಕು ಜನ ಕೂರುವ ನಡುಮನೆ, ನನಗೆ ಮೂಲೆ.

ಗೃಹಪ್ರವೇಶಕ್ಕೆ ಬಂಧುಬಳಗವೆಲ್ಲ ಬರುತ್ತದೆ. ಪಟ್ಟಿಯ ಮೇಲೆ ಬೆರಳಾಡಿಸುತ್ತಾರೆ. ಇದು ಯಾರ ಕೈ, ಅದು ಯಾರ ಕೈ ಎನ್ನುತ್ತಾರೆ. ಆಗ ಹೆಂಡತಿಯ ಮುಖ ಯಾವ ಕಡೆ ತಿರುಗುತ್ತದೆ? ಅವನಿಗೆ ಬೇಕಾದದ್ದು ಅದೊಂದೇ. ಅವಳು ತನ್ನ ಪಟ್ಟಿಯ ಮುಂದೆ ನಿಲ್ಲಬೇಕು. ಮೊಳೆ ಎಲ್ಲಿದೆ ರೀ ಎಂದು ಎಲ್ಲರೆದುರು ಕೇಳಬೇಕು.

ಅವನು ಪೇಟೆಗೆ ಹೋದ. ಅಂಗಡಿಯವನು ಎರಡು ಗನ್ನು ತೆಗೆದು ಮೇಜಿನ ಮೇಲಿಟ್ಟ.

"ಯಾವ ಮರ ಅಣ್ಣ?" ಎಂದು ಕೇಳಿದ.

"ನಮ್ಮ ಷಡ್ಡಕ ಒಂದು ತಗೊಂಡು ಹೋದನಲ್ಲ, ಅದು ಯಾವುದು?"

"ಅದಾ? ಈ ಸಣ್ಣದು. ಹಗುರ. ಮೊಳೆ ತೆಳು. ಪ್ಲೈವುಡ್ಡಿಗೆ, ತೆಳು ಪಟ್ಟಿಗೆ ಇದರಷ್ಟು ಚೆಂದ ಇನ್ನೊಂದಿಲ್ಲ. ನಿಮ್ಮದು ಯಾವ ಮರ?"

"ಹೊನ್ನೆ."

"ಹಾಗಾದರೆ ಇದು." ಅಂಗಡಿಯವನು ದೊಡ್ಡದನ್ನು ಮುಂದೆ ತಳ್ಳಿದ. "ಸ್ವಲ್ಪ ಭಾರ. ಮೊಳೆ ದಪ್ಪ, ಹೊಡೆತ ಜೋರು. ಹೊನ್ನೆಗೆ ಇದಾದರೂ ಮೊದಲು ಒಂದು ತುಂಡಿನ ಮೇಲೆ ಹೊಡೆದು ನೋಡಿಕೊಳ್ಳಬೇಕು. ನನ್ನ ಹತ್ತಿರ ಡ್ರಿಲ್ ತಗೊಂಡಿದ್ದಿರಲ್ಲ, ಅದರ ಬ್ಯಾಟರಿಯೇ ಇದಕ್ಕೂ ಕೂರುತ್ತೆ."

ಬಡಗಿ ದೊಡ್ಡದನ್ನು ಎತ್ತಿದ. ಕೈಗೆ ಸರಿಯಾಗಿ ಕೂತಿತು. ಕೈಗೆ ಗೊತ್ತಾಯಿತು. ಹೊಟ್ಟೆ ಒಪ್ಪಲಿಲ್ಲ.

"ಇದರಲ್ಲಿ ಹೊಡೆದರೆ ತೂತು ಕಾಣುತ್ತಾ?"

"ತುಸು ಕಾಣುತ್ತೆ. ತುಂಬಿಕೊಳ್ಳಬೇಕು. ತುಂಬೋದು ನಿಮಗೆ ಹೇಳಿಕೊಡಬೇಕಾ?"

"ಅವನದು ಕಾಣಲ್ಲ."

ಅಂಗಡಿಯವನು ನಕ್ಕ. "ಅಲ್ಲ ಅಣ್ಣ, ನಾನು ಮರದ ಮಾತು ಕೇಳಿದರೆ ನೀವು ಮನುಷ್ಯನ ಮಾತು ಹೇಳ್ತೀರಿ. ಮೊಳೆ ಹೊಡೆಯೋದು ಪಟ್ಟಿಗಾ, ಷಡ್ಡಕನಿಗಾ?"

ಬಡಗಿಗೆ ನಗು ಬರಲಿಲ್ಲ. ಸಣ್ಣದನ್ನೇ ಕಟ್ಟಿಸಿಕೊಂಡ. ಅದಕ್ಕೆ ಬ್ಯಾಟರಿಯನ್ನೂ ಬೇರೆ ಕೊಂಡ. ಅಂಗಡಿಯಲ್ಲಿ ಬಿದ್ದಿದ್ದ ಪೆಟ್ಟಿಗೆಯ ಹಲಗೆಗೆ ಒಂದು ಮೊಳೆ ಹೊಡೆದು ನೋಡಿದ. ಬೆಣ್ಣೆಯಲ್ಲಿ ಬೆರಳು ಇಳಿದಂತೆ ಇಳಿಯಿತು. ಅದು ಹಲಗೆಯ ಗುಣ. ಅವನು ಗನ್ನಿನ ಗುಣ ಎಂದುಕೊಂಡ.

ಮನೆಯಲ್ಲಿ ಹೆಂಡತಿ ಅದನ್ನು ತಿರುಗಿಸಿ ನೋಡಿದಳು.

"ನಿಮ್ಮ ಸುತ್ತಿಗೆಗೆ ಏನಾಯ್ತು ರೀ? ಇದು ಭಾವನದೇ ಇದ್ದ ಹಾಗಿದೆ."

ಅವಳು ಹಾಗೆ ಹೇಳಲಿ ಎಂದೇ ಅವನು ತಂದದ್ದು. ಹೇಳಿದಾಗ ಮೈಯೆಲ್ಲ ಉರಿಯಿತು.

ಕೆಲಸ ಶುರುವಾಯಿತು. ನಡುಮನೆಯಲ್ಲಿ ಷಡ್ಡಕ, ಒಳಕೋಣೆಯಲ್ಲಿ ಬಡಗಿ. ನಡುವೆ ಒಂದು ಬಾಗಿಲು. ಷಡ್ಡಕ ಇಣುಕಿ ನೋಡಿದ.

"ಏನ್ ಷಡ್ಡಕ್ರೇ, ನನ್ನ ಗನ್ನಿನ ತಂಗೀನ ತಂದಿದ್ದೀರಾ? ಹಾಗಾದರೆ ಗನ್ನಿನ ಕಡೆಯಿಂದಲೂ ನಾವು ಷಡ್ಡಕರೇ!"

ಮಾವ ನಕ್ಕರು. ಹೆಂಡತಿಯೂ ನಕ್ಕಳು. ಅವಳು ನಕ್ಕದ್ದನ್ನು ಬಡಗಿ ನೋಡಿದ.

ಷಡ್ಡಕ ಪಟ್ಟಿಯನ್ನು ಮುಟ್ಟಿ ನೋಡಿ, "ಹೊನ್ನೆಗೆ ಇದು ನಡೆಯುತ್ತಾ? ನನಗಂತೂ ಧೈರ್ಯ ಇಲ್ಲಪ್ಪ," ಎಂದ. ಗೊತ್ತಿಲ್ಲದೆ ಕೇಳಿದ ಮಾತು ಅದು. ಬಡಗಿಗೆ ಅದೂ ಚುಚ್ಚಿತು.

"ನೋಡ್ತಾ ಇರಿ," ಎಂದ.

ಹೆಂಡತಿ ಪಟ್ಟಿಯ ಆ ತುದಿ ಹಿಡಿದಳು. ಅವನು "ಹಿಡಿದೆಯಾ?" ಎಂದ. ಅವಳು "ಹ್ಞೂಂ" ಎಂದಳು. ಟಪ್. ಹೋಯಿತು. ಇನ್ನೊಂದು. ಅದೂ ಹೋಯಿತು. ಆಗ ನಡುಮನೆಯಲ್ಲಿ ಟಪ್ ಎಂದಿತು. ಇವನೂ ಟಪ್ ಎನಿಸಿದ. ಅಲ್ಲಿ ಟಪ್ ಟಪ್. ಇಲ್ಲಿಯೂ ಟಪ್ ಟಪ್. "ಹಿಡಿದೆಯಾ" ಎನ್ನುವುದು ನಿಂತಿತು. ಅವನ ಕಿವಿ ನಡುಮನೆಯಲ್ಲಿತ್ತು.

"ರೀ, ತಡೀರಿ," ಎಂದಳು ಅವಳು. ಗನ್ನು ಅವಳ ತುದಿಗೆ ಬಂದಿತ್ತು, ಅವಳು ಬೆರಳು ಇನ್ನೂ ಸರಿಸಿರಲಿಲ್ಲ.

ಹೊನ್ನೆಯ ನಾರು ಒಳಗೊಳಗೇ ತಿರುಚಿಕೊಂಡಿರುತ್ತದೆ. ತೆಳು ಮೊಳೆ ಅದನ್ನು ಸೀಳಿಕೊಂಡು ಹೋಗಲಾರದು. ನಾರಿನ ಜಾಡು ಹಿಡಿದು ಬಾಗುತ್ತದೆ. ಮುಂದಿನಿಂದ ಒಳಹೋದ ಮೊಳೆ ಪಟ್ಟಿಯ ಪಕ್ಕದಿಂದ ಹೊರಗೆ ಬಂತು. ಅಲ್ಲಿ ಅವಳ ಬೆರಳಿತ್ತು.

ಅವಳು ಕೂಗಲಿಲ್ಲ. ಉಸಿರು ಒಳಗೆಳೆದುಕೊಂಡಳು.

ಬಡಗಿ ಮೊದಲು ಬಾಗಿಲ ಕಡೆ ನೋಡಿದ. ಷಡ್ಡಕ ನೋಡಿಬಿಟ್ಟನೋ ಏನೋ ಎಂದು. ಆಮೇಲೆ ಅವಳ ಬೆರಳು ನೋಡಿದ.

ಎರಡಕ್ಕೂ ನಡುವೆ ರೆಪ್ಪೆ ಬಡಿಯುವಷ್ಟೂ ಹೊತ್ತಿರಲಿಲ್ಲ. ಆದರೂ ಅವಳು ಕಂಡಳು. ಬೆರಳಿಗೆ ಸೆರಗು ಸುತ್ತಿಕೊಂಡಳು.

"ಭಾವ ನೋಡಲಿಲ್ಲ. ಹೊಡೀರಿ," ಎಂದಳು.

ಬೆರಳು ಬೇಗ ಮಾಯಿತು. ಬಡಗಿ ಆ ಮೊಳೆಗಳನ್ನೆಲ್ಲ ಕಿತ್ತ. ತೂತು ಕೊರೆದು, ಸುತ್ತಿಗೆಯಲ್ಲೇ ಕೋಣೆ ಮುಗಿಸಿದ. ಗನ್ನು ಅಟ್ಟ ಸೇರಿತು. ಗೃಹಪ್ರವೇಶಕ್ಕೆ ಜನ ಬಂದರು. ಹೊನ್ನೆಯ ಮೇಲೆ ಬೆರಳಾಡಿಸಿದರು. ಮೊಳೆ ಎಲ್ಲಿದೆಯೋ ಮಾರಾಯ ಎಂದು ಕೇಳಿದರು. ಅವನು ಅವರ ಹಿಂದೆ ಹೆಂಡತಿಯನ್ನು ಹುಡುಕಿದ. ಅವಳು ಅಡುಗೆಮನೆಯಲ್ಲಿದ್ದಳು. ಆ ಕೋಣೆಗೆ ಬರಲಿಲ್ಲ.

ಆಮೇಲೂ ಅವಳು ಬಡಿಸಿದಳು. ಜ್ವರ ಬಂದಾಗ ಗಂಜಿ ಕಾಯಿಸಿದಳು. ಒಂದು ದಿನವೂ ಆಡಿ ತೋರಿಸಲಿಲ್ಲ. ಊಟದ ಡಬ್ಬಿ ತಂದು, ಇಟ್ಟು, ಹೋಗುತ್ತಿದ್ದಳು. ಪಟ್ಟಿಯ ತುದಿಗೆ ಬರುತ್ತಿರಲಿಲ್ಲ. ಬಾ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ನಾಳೆ ಕರೆದರಾಯಿತು ಎಂದುಕೊಂಡ. ಹೀಗೇ ವರ್ಷಗಳು ಹೋದವು. ಒಂದು ಚಳಿಗಾಲದಲ್ಲಿ ಅವಳೂ ಹೋದಳು.

ಆ ತುದಿಯನ್ನು ಅವನು ಕ್ಲ್ಯಾಂಪಿಗೆ ಕಚ್ಚಿಸುತ್ತಿದ್ದ. ಕ್ಲ್ಯಾಂಪು ಅವಳಿಗಿಂತ ಗಟ್ಟಿಯಾಗಿ ಹಿಡಿಯುತ್ತಿತ್ತು. ಒಂದೊಂದು ಮೊಳೆಗೂ ಅವನು ಸುತ್ತಿಗೆ ಎತ್ತಿ ಸ್ವಲ್ಪ ಹೊತ್ತು ಕಾಯುತ್ತಿದ್ದ. ಕ್ಲ್ಯಾಂಪು ಹ್ಞೂಂ ಎನ್ನುತ್ತಿರಲಿಲ್ಲ.

ಗುರು ಕತೆ ನಿಲ್ಲಿಸಿದರು. ಸಿಪ್ಪೆಯನ್ನೆಲ್ಲ ಒಂದು ಕಡೆ ಗುಡ್ಡೆ ಮಾಡಿದರು.

ಶಿಷ್ಯ ತಲೆ ತಗ್ಗಿಸಿ ಕೂತಿದ್ದ. ಕತೆ ಅವನಿಗೆ ನಾಟಿತ್ತು. ಆದರೂ ಒಂದು ಮಾತು ಒಳಗೇ ಕೊರೆಯುತ್ತಿತ್ತು. ತಡೆಯಲಾರದೆ ಕೇಳಿದ:

"ಗುರುಗಳೇ, ಆ ಷಡ್ಡಕನ ನಡುಮನೆ ಹೇಗೆ ಬಂದಿತ್ತು?"

"ರಕ್ತ ಬಂದದ್ದು ಒಳಕೋಣೆಯಲ್ಲಿ, ನೀನೂ ಬಾಗಿಲ ಕಡೆಗೇ ನೋಡಿದೆಯಲ್ಲಪ್ಪ," ಎಂದರು ಗುರು.