ತೂಗುಗೆರೆ

ತೂಗುಗೆರೆಗೆ ಮೊದಲ ಸಲ ಬಂದವರು ಕೆರೆ ಎಲ್ಲಿದೆ ಎಂದು ಕೇಳದೆ ಇರುವುದಿಲ್ಲ. ಊರಿನವರು ಬಂಡೆಯ ಮೇಲೆ ನಿಂತು ಕೆಳಗಿನ ಜೋಳದ ಹೊಲಗಳತ್ತ ಕೈ ತೋರಿಸುತ್ತಾರೆ. ಬಂದವರು ಇದೇನು ತಮಾಷೆ ಎಂದು ಮುಖ ಗಂಟಿಕ್ಕುತ್ತಾರೆ. ತಮಾಷೆಯಲ್ಲ. ಸುತ್ತ ಕಲ್ಲುಗುಡ್ಡ, ನಡುವೆ ಬೋಗುಣಿಯಂತೆ ತಗ್ಗಾದ ಬಯಲು. ಅಲ್ಲಿ ಬಾವಿ ತೋಡುವವರಿಗೆ ಎಷ್ಟು ಆಳಕ್ಕಿಳಿದರೂ ಕಲ್ಲು ಸಿಗದು, ನುಣ್ಣನೆಯ ಹೂಳೇ ಸಿಗುತ್ತದೆ. ಅಂಥ ಮಣ್ಣು ಬಿಟ್ಟು ಇಡೀ ಊರು ಕಾದ ಬಂಡೆಯ ಮೇಲೆಯೇ ಒತ್ತೊತ್ತಾಗಿ ಕೂತಿದೆ.

ಹಿಂದೆ ಒಮ್ಮೆ, ಯಾವ ಅರಸನ ಕಾಲವೋ ಹೇಳುವವರಿಲ್ಲ, ಕೆರೆ ಹೂಳು ತುಂಬಿ ಬತ್ತಿ ತಲೆಮಾರುಗಳೇ ಕಳೆದಿದ್ದವು. ಆಗ ಬಂಡೆಯ ಮೇಲೆ ಸಾತವ್ವ ಎಂಬ ಹೆಂಗಸಿದ್ದಳು ಎನ್ನುತ್ತಾರೆ. ಮಾತಿಗೆ ನಿಂತರೆ ಊರನ್ನೇ ಒಪ್ಪಿಸುವ ಬಾಯಿ. ಆದರೆ ಒಳಗೊಳಗೇ ಬೆಂದವಳು. ಅವಳ ಒಬ್ಬಳೇ ಮಗಳು ನಿಂಬೆವ್ವನಿಗೆ ಹುಟ್ಟಿದ ಎರಡು ಕೂಸುಗಳು ಆ ಮನೆಯಲ್ಲಿ ಉಳಿಯಲಿಲ್ಲ. ಮೂರನೆಯದು ಹೊಟ್ಟೆಯಲ್ಲಿದ್ದಾಗ ಸಾತವ್ವ ಮನೆಯ ಜಾಗವನ್ನೇ ಬದಲಿಸಲು ಹಟ ಹಿಡಿದಳು. ಆ ಸೀಮೆಯಲ್ಲಿ ಮನೆ ಕಟ್ಟುವ ಮುನ್ನ ಒಂದು ಪದ್ಧತಿಯಿತ್ತು. ಗಳಗಳನ್ನು ನೆಟ್ಟು ತೊಟ್ಟಿಲು ಕಟ್ಟುವುದು, ಬರಿಯ ತೊಟ್ಟಿಲು ಬೇಡವೆಂದು ಅದರಲ್ಲಿ ಗುಂಡುಕಲ್ಲನ್ನು ಮಲಗಿಸುವುದು, ಯಾರೂ ಮುಟ್ಟದೆ ಕೂತು ನೋಡುವುದು. ತೊಟ್ಟಿಲು ತಾನಾಗಿ ತೂಗಿದರೆ ಅಲ್ಲಿ ಕೂಸು ಬಾಳುತ್ತದೆ ಎಂದು ನಂಬಿಕೆ. ಬಂಡೆಯ ಮೇಲೆ ಅದು ಅಲುಗಲೇ ಇಲ್ಲ. ಬಯಲಿಗೆ ತಂದು ಕಟ್ಟಿದಾಗ, ಸುಗ್ಗಿಯ ಬಂಡಿಗಳು ದೂರದಲ್ಲಿ ಹಾದುಹೋದಂತೆಲ್ಲ, ಗಾಳಿಯಿಲ್ಲದೆಯೂ ಮೆಲ್ಲಗೆ ಓಲಾಡತೊಡಗಿತು.

“ನೋಡವ್ವ, ಭೂಮಿತಾಯಿ ತಾನ ಕುಂತು ತೂಗಾಕತ್ಯಾಳ!” ಎಂದು ಸಾತವ್ವ ಕಣ್ಣೀರು ಒರೆಸಿಕೊಂಡಳು.

“ಯವ್ವಾ, ನನಗ್ಯಾಕೋ ಇಲ್ಲಿ ನೆಲ ಗಟ್ಟಿ ಅನಸವಲ್ದು. ಮ್ಯಾಲಿನ ಮನಿನ ಇರಲಿ,” ಎಂದಳು ನಿಂಬೆವ್ವ.

“ಎರಡು ಕೂಸು ನುಂಗಿದ ಮನಿ ಅದು. ನನ್ನ ಮಾತು ಕೇಳು.”

ನಿಂಬೆವ್ವ ಕೇಳಿದಳು. ಬಯಲಿನ ಮನೆಯಲ್ಲಿ ಗಂಡು ಕೂಸು ಹುಟ್ಟಿತು, ಉಳಿಯಿತು, ಗಲ್ಲ ತುಂಬಿಕೊಂಡಿತು. ಸಾತವ್ವನ ಹಿಗ್ಗು ನೋಡಿ ಒಬ್ಬೊಬ್ಬರಾಗಿ ಊರಿನವರೂ ಇಳಿದು ಬಂದರು. ತೂಗುಗೆರೆ ಎಂದು ಆ ಬಯಲಿಗೆ ಹೆಸರಿಟ್ಟವಳೂ ಅವಳೇ. ಪಾಪ, ಅವಳ ತಪ್ಪೇನು? ಕಣ್ಣಾರೆ ಕಂಡದ್ದನ್ನು ನಂಬಿದಳು.

ಕೂಸಿಗೆ ಹಲ್ಲು ಮೂಡುವ ಕಾಲಕ್ಕೆ, ಒಂದು ಮಧ್ಯಾಹ್ನ, ಸಾತವ್ವ ಹಪ್ಪಳ ಒಣಹಾಕಲು ಬಂಡೆ ಹತ್ತಿದ್ದಳು. ಕಾಲಡಿ ನೆಲ ಒಮ್ಮೆ ಅದುರಿತು. ತುಂಬಿದ ಬಂಡಿ ಪಕ್ಕದಲ್ಲೇ ಹಾದಂತಾಗಿ ನಿಂತಿತು. ಹಪ್ಪಳ ಕೂಡ ಸರಿಯಲಿಲ್ಲ. ಕೆಳಗೆ ನೋಡಿದರೆ ಬಯಲಿನ ಅದುರಾಟ ಇನ್ನೂ ನಿಂತಿರಲಿಲ್ಲ. ಗಡಿಗೆಯನ್ನು ಅಲುಗಿಸಿ ಬಿಟ್ಟ ಮೇಲೂ ಒಳಗಿನ ಮೊಸರು ತುಳುಕುವಂತೆ, ಬೋಗುಣಿಗೆ ಇಳಿದ ನಡುಕ ಸುತ್ತಲ ಕಲ್ಲಿಗೆ ಬಡಿದು ತಿರುಗಿ ಬರುತ್ತಿತ್ತು, ಹೊರಹೋಗಲು ದಾರಿಯಿಲ್ಲದೆ ಮತ್ತೆ ಬರುತ್ತಿತ್ತು. ಒಂದರ ಹಿಂದೊಂದು ಮಣ್ಣಿನ ಗೋಡೆಗಳು ಕೂತುಬಿಟ್ಟವು. ಸಾತವ್ವ ಸೆರಗು ಜಾರಿದ್ದೂ ತಿಳಿಯದೆ ಓಡಿದಳು. ಅವಳ ಮನೆಯ ಗೋಡೆ ಒಂದೂ ಉಳಿದಿರಲಿಲ್ಲ. ಕಂಬ ಮತ್ತು ತೊಲೆ ಮಾತ್ರ ನಿಂತಿದ್ದವು. ತೊಲೆಗೆ ಕಟ್ಟಿದ ತೊಟ್ಟಿಲು ಇನ್ನೂ ತೂಗುತ್ತಿತ್ತು, ಒಳಗೆ ಕೂಸು ಕಣ್ಣು ಬಿಟ್ಟುಕೊಂಡು ನೋಡುತ್ತಿತ್ತು. ಅಂಗಳದಲ್ಲಿದ್ದ ನಿಂಬೆವ್ವ ಕೂಸಿಗಾಗಿ ಒಳಗೆ ಓಡಿದಳು ಎಂದು ಕಂಡವರು ಹೇಳಿದರು. ಅಂಗಳದಲ್ಲೇ ಉಳಿದಿದ್ದರೆ ಬದುಕುತ್ತಿದ್ದಳು. ಮಗಳನ್ನು ತೊಟ್ಟಿಲ ಬುಡದ ಮಣ್ಣಿನಿಂದ ಸಾತವ್ವ ಕೈಯಾರೆ ಬಗೆದು ತೆಗೆದಳು.

ಉಳಿದವರು ಮತ್ತೆ ಬಂಡೆ ಹತ್ತಿದರು. ಆ ಹೆಸರು ಕೆಟ್ಟದ್ದು, ಅದನ್ನು ನಾಲಗೆಯ ಮೇಲೂ ತರುವುದು ಬೇಡವೆಂದು ಹಿರಿಯರು ಮಾತಾಡಿಕೊಂಡಾಗ, ಸಾತವ್ವ ಮೊಮ್ಮಗನನ್ನು ಎತ್ತಿಕೊಂಡು ಎದ್ದು ನಿಂತಳಂತೆ.

“ಹೆಸರು ಬಿಡಬ್ಯಾಡ್ರಿ. ನಾ ತಿಳಕೊಂಡಿದ್ದು ತಪ್ಪು, ಹೆಸರು ತಪ್ಪಲ್ಲ. ಅದು ತೂಗತೈತಿ. ಮುಂದ ಹುಟ್ಟೋರಿಗೆ ಗೊತ್ತಿರಲಿ.”

ಹೆಸರು ಉಳಿಯಿತು, ಬಂಡೆಯ ಮೇಲಿನ ಊರಿಗೂ ಅದೇ ಹೆಸರಾಯಿತು. ಇಂದಿಗೂ ಬಯಲಿನಲ್ಲಿ ಒಂದು ಮನೆಯೂ ಇಲ್ಲ. ಸುಗ್ಗಿಯಲ್ಲಿ ಹೋದವರು ಕಾಣುವುದಿಷ್ಟು: ಕೊಯ್ಲಿಗೆ ಬಂದ ಬಾಣಂತಿಯರು ತಂತಮ್ಮ ಕೂಸನ್ನು ಎತ್ತಿಕೊಂಡು ಬಂಡೆ ಹತ್ತಿ, ಕೌದಿ ಹಾಸಿ, ಸೀರೆಯ ನೆರಳು ಕಟ್ಟಿ ಮಲಗಿಸಿ ಬರುತ್ತಾರೆ. ಕೆಳಗೆ ಹೊಲದಲ್ಲೇ ಬೇವಿನ ತಂಪು ನೆರಳಿದೆಯಲ್ಲ, ಕೊಂಬೆಗೆ ಜೋಳಿಗೆ ಕಟ್ಟಬಾರದೇ ಎಂದು ಯಾರಾದರೂ ಕೇಳಿದರೆ ಅವರು ನಗುತ್ತಾರೆ.

“ಕಟ್ಟಬಹುದ್ರಿ. ಅಲ್ಲಿ ನೆಲಾನ ತೂಗತೈತಿ, ಕೂಸು ಲಗೂನ ಮಲಗತೈತಿ,” ಎನ್ನುತ್ತಾರೆ, ಬಿಸಿಲಿನಲ್ಲಿ ಬಂಡೆ ಹತ್ತುತ್ತಲೇ.