ಐದು ಗಂಟೆಗೆ ಬಗ್ಗಿದವರು

ಇದರಲ್ಲಿ ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲು ಯಾವುದೆಂದು ನೀವೇ ಹುಡುಕಿಕೊಳ್ಳಿ.

ನಮ್ಮ ಕಚೇರಿಯ ಜವಾನ ಓಬಳೇಶ ಊಟ ಮಾಡುತ್ತಿದ್ದಾಗ ಸಾಹೇಬರು ಬಂದರು. ಅವನು ಎದ್ದು ನಿಲ್ಲಲಿಲ್ಲ. ಅಷ್ಟಕ್ಕೇ ಸಾಹೇಬರು ಕೆಂಡವಾದರು.

"ಸಂಜೆ ಐದಕ್ಕೆ ಅಂಗಳದಲ್ಲಿ ಎಲ್ಲರೆದುರು ಬಗ್ಗಿ ಕ್ಷಮೆ ಕೇಳು. ಇಲ್ಲದಿದ್ದರೆ ನಾಳೆಯೇ ವರ್ಗ!"

ಐದಕ್ಕೆ ನಾವೆಲ್ಲ ಸೇರಿದೆವು. ಸಾಹೇಬರು ತಮ್ಮ ಹಳೇ ಸ್ಕೂಟರ್ ಸ್ಟಾರ್ಟ್ ಮಾಡಿ, ಕುದುರೆ ಏರಿದವರ ಹಾಗೆ ಕೂತರು. "ಹೂಂ, ಬಗ್ಗು."

ಓಬಳೇಶ ನಿಧಾನವಾಗಿ ಚಪ್ಪಲಿ ಬಿಟ್ಟ. ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡ. ಅಷ್ಟರಲ್ಲಿ ಸ್ಕೂಟರ್ ಕೆಮ್ಮಿ ನಿಂತುಹೋಯಿತು. ಸಾಹೇಬರು ಇಳಿದು ಇಪ್ಪತ್ತು ಸಲ ಕಿಕ್ ಹೊಡೆದರು. ಅವರಿಗೆ ಬೆವರು ಬಂತು, ಸ್ಕೂಟರಿಗೆ ಉಸಿರು ಬರಲಿಲ್ಲ.

ಓಬಳೇಶ ಸ್ಕೂಟರಿನ ಆಚೆ ಬದಿಗೆ ಹೋಗಿ ನಿಂತ. "ಪೆಟ್ರೋಲ್ ಕಾಕ್ ಬಂದ್ ಆಗಿರಬೇಕು ಸಾರ್, ಪೈಪಿನಲ್ಲಿ ಉಳಿದಿದ್ದಷ್ಟೇ ಉರಿದು ನಿಂತಿದೆ. ಸೀಟಿನ ಕೆಳಗೆ ಬಗ್ಗಿ ನೋಡಬೇಕು."

"ನೀನೇ ನೋಡೋ!"

"ನಿಮಗಿಂತ ಮೊದಲು ಸ್ಕೂಟರಿಗೆ ಬಗ್ಗಿದರೆ ನಿಮ್ಮ ಮರ್ಯಾದೆ ಏನಾಗಬೇಕು ಸಾರ್?"

ಸಾಹೇಬರು ಗೊಣಗುತ್ತಾ ಸೊಂಟ ಬಗ್ಗಿಸಿದರು. ಅವರ ಬೋಳುತಲೆ ನೇರವಾಗಿ ಓಬಳೇಶನ ಮುಂದೆ ಬಂತು.

ಓಬಳೇಶ ಕೈ ಎತ್ತಿದ. "ಏಳಿ ಸಾರ್, ಏಳಿ. ಒಂದು ಡಬ್ಬಿ ಊಟದ ವಿಷಯಕ್ಕೆ ಇಷ್ಟೆಲ್ಲ ಯಾಕೆ? ಕ್ಷಮಿಸಿಬಿಟ್ಟೆ."

ಇಡೀ ಅಂಗಳ ನಕ್ಕಿತು. ಸಾಹೇಬರು ಕಾಕ್ ತಿರುಗಿಸಿ, ಎರಡೇ ಕಿಕ್ಕಿಗೆ ಗಾಡಿ ಎಬ್ಬಿಸಿ, ಹಿಂತಿರುಗಿ ನೋಡದೆ ಹೋದರು. ವರ್ಗದ ಆದೇಶ ಬರಲೇ ಇಲ್ಲ. ಬರೆದರೆ ಕಾರಣವನ್ನೂ ಬರೀಬೇಕಲ್ಲ! ಓಬಳೇಶ ಈಗಲೂ ಕೂತೇ ಉಣ್ಣುತ್ತಾನೆ.

ಕಾಕ್ ಬಂದ್ ಮಾಡಿದ್ದು ಯಾರು ಅಂತೀರಾ? ನನಗೇನು ಗೊತ್ತು? ಆವತ್ತು ನನ್ನ ಕೈ ಸ್ವಲ್ಪ ಪೆಟ್ರೋಲ್ ನಾರುತ್ತಿತ್ತು, ಅಷ್ಟೇ.